ಗೀಜಗ ಬಾರದ ತಂತಿ

ಊರಿನವರು ನನ್ನ ಮಾವನನ್ನು ಕಂಬದಯ್ಯ ಎಂದು ಕರೆಯುತ್ತಿದ್ದರು. ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್ ಆಗಿದ್ದವರು. ಆಯುಷ್ಯದ ಅರ್ಧವನ್ನು ನೆಲದ ಮೇಲೆ, ಇನ್ನರ್ಧವನ್ನು ಕಂಬದ ಮೇಲೆ ಕಳೆದರು ಎಂದು ಅತ್ತೆ ಹೇಳುತ್ತಿದ್ದರು. ನೆಲದ ಮೇಲಿದ್ದ ಅರ್ಧದಲ್ಲೂ ಕಣ್ಣು ಮೇಲೆಯೇ ಇತ್ತಂತೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ, ಈ ಮನುಷ್ಯ ನನ್ನ ಮುಖ ನೋಡಿ ಮಾತಾಡುವುದೇ ಇಲ್ಲವಲ್ಲ, ನನ್ನನ್ನು ಕಂಡರೆ ಆಗುವುದಿಲ್ಲವೋ ಏನೋ ಎಂದು ಒಳಗೊಳಗೇ ಉರಿದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿಗಿದ್ದವರ ತಲೆಯ ಮೇಲೆ ಹಾದುಹೋಗುವ ತಂತಿಯನ್ನು ನೋಡುತ್ತಿದ್ದರು.

ನಿವೃತ್ತರಾದ ಮೇಲೆ ಆ ಕಣ್ಣಿಗೆ ಕೆಲಸ ಬೇಕಿತ್ತು, ಗೀಜಗ ಸಿಕ್ಕಿತು. ಹುಲ್ಲಿನ ಎಳೆ ಸೀಳಿ, ಹೆಣೆದು, ಸೋರೆಕಾಯಿ ತೂಗುಬಿಟ್ಟ ಹಾಗೆ ಗೂಡು ಕಟ್ಟುವ ಆ ಪುಟ್ಟ ಹಕ್ಕಿಯ ಮೇಲೆ ಅವರಿಗಿದ್ದ ಗೌರವ ಕಚೇರಿಯ ಯಾವ ಸಾಹೇಬನ ಮೇಲೂ ಇರಲಿಲ್ಲ.

"ಕೈಯಿಲ್ಲ, ಕಟಿಂಗ್ ಪ್ಲೇಯರ್ ಇಲ್ಲ, ಬರೀ ಕೊಕ್ಕು. ಎಂಥಾ ಗಾಳಿಗೂ ಬಿಚ್ಚಲ್ಲ ನೋಡು," ಎನ್ನುತ್ತಿದ್ದರು. "ಗಂಡು ಅರ್ಧ ಕಟ್ಟಿ ನಿಲ್ಲಿಸತ್ತೆ. ಹೆಣ್ಣು ಬಂದು ಜೋತುಬಿದ್ದು ಜಗ್ಗಿ ನೋಡತ್ತೆ. ಹಿಡಿಸಲಿಲ್ಲ ಅಂದ್ರೆ ಹಾರಿಹೋಗತ್ತೆ. ಇವನು ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ನಾನೂ ಹಾಗೇ ಜಗ್ಗಿ ನೋಡಿ ಬರ್ಬೇಕಿತ್ತು," ಎಂದು ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಬಳಿಯಿಂದಲೇ ಕೂಗುತ್ತಿದ್ದರು. "ನಮ್ಮಪ್ಪ ಕಣ್ಣುಮುಚ್ಚಿ ಕೊಟ್ಟುಬಿಟ್ಟ."

ಗೀಜಗನನ್ನು ನೋಡಿ ನೋಡಿ ಮಾವ ಒಂದು ಗಂಟನ್ನು ಕಲಿತಿದ್ದರು. ತಂತಿಯನ್ನು ಎಡಕ್ಕೆ ಸುತ್ತಿ, ತುದಿಯನ್ನು ಹಿಂದಕ್ಕೆ ಮಡಚಿ ಸುತ್ತಿನ ಒಳಗೇ ತೂರಿಸಿಬಿಡುವುದು. ತುದಿ ಎಲ್ಲಿದೆ ಎಂದು ಹುಡುಕಿದರೂ ಸಿಗಬಾರದು. ಮಿಕ್ಕ ಲೈನ್‌ಮನ್‌ಗಳೆಲ್ಲ ಬಲಕ್ಕೆ ಸುತ್ತಿ ತುದಿ ಕತ್ತರಿಸುತ್ತಿದ್ದರು. ಆ ಎಡಸುತ್ತಿನ ಗಂಟು ಬರುತ್ತಿದ್ದದ್ದು ಮಾವನಿಗೆ, ಅವರು ಕೈಹಿಡಿದು ಕಲಿಸಿದ ಮಗನಿಗೆ, ಅಂದರೆ ಅದೇ ಕಚೇರಿಯಲ್ಲಿ ಕಾಂಟ್ರಾಕ್ಟ್ ಲೈನ್‌ಮನ್ ಆಗಿದ್ದ ನನ್ನ ಗಂಡನಿಗೆ, ಇಬ್ಬರಿಗೆ ಮಾತ್ರ. ನಮ್ಮ ಮನೆಯ ಬಕೆಟ್ಟಿನ ಹಿಡಿ, ಕಿಟಕಿಯ ಸರಳು, ಮಾವನ ಮುರಿದ ಕನ್ನಡಕದ ಕಡ್ಡಿ, ಎಲ್ಲದರ ಮೇಲೂ ಆ ಗಂಟು ಕೂತಿತ್ತು. ನಾನು ಸಾರಿಸುವಾಗ ಗುಡಿಸುವಾಗ ಅದನ್ನು ನೋಡಿ ನೋಡಿ, ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುವಷ್ಟು ಪರಿಚಯವಾಗಿತ್ತು.

ಇನ್ನು ಆ ತಂತಿಯ ವಿಷಯ. ನಮ್ಮ ಮನೆ ಊರಿನ ಅಂಚಿಗೆ, ಹಿತ್ತಿಲಿನ ಆಚೆ ಕೊಳ. ಹಿತ್ತಿಲಿನ ಮೇಲೆ ಎರಡು ತಂತಿಯ ಹಳೆಯ ಲೈನೊಂದು ಹಾದುಹೋಗಿತ್ತು. ರಸ್ತೆಯಿಂದ ಬಂದು, ಹಿತ್ತಿಲು ದಾಟಿ, ಕೊಳದ ಈ ದಡದ ಕಂಬ ಮುಟ್ಟಿ, ನೀರಿನ ಮೇಲೆ ಹಾಯ್ದು, ಆಚೆ ದಡದ ಪಂಪ್‌ಹೌಸಿಗೂ ಅದರಾಚೆಯ ಇಟ್ಟಿಗೆ ಭಟ್ಟಿಗೂ ಹೋಗುತ್ತಿದ್ದ ಲೈನು. ಪಂಪ್‌ಹೌಸ್ ಮುಚ್ಚಿದಾಗ ಅದನ್ನು ರಸ್ತೆಯ ಬದಿಯಲ್ಲಿ ಕಡಿದುಹಾಕಿದರು. ಕಡಿದದ್ದು ಮಾವನೇ. ಅಂದಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ಸತ್ತ ತಂತಿ ಎಂದೇ ಹೆಸರು. ಕೊಳದಂಚಿನ ಕಂಬ ವರ್ಷದಿಂದ ವರ್ಷಕ್ಕೆ ವಾಲಿ ವಾಲಿ, ಹಿತ್ತಿಲಿನಲ್ಲಿ ತಂತಿಗಳು ಕೆಳಗಿಳಿದು, ಸ್ಟೂಲಿನ ಮೇಲೆ ನಿಂತರೆ ಕೈಗೆ ಸಿಗುವಂತಾಗಿದ್ದವು.

ಅತ್ತೆ ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನ ಬಟ್ಟೆ ಒಗೆಯುತ್ತಿದ್ದರು. ಹಾಸಿಗೆಯ ಚಾದರ, ದಿಂಬಿನ ಚೀಲ, ಟವೆಲ್ಲು, ದಿನವೂ ಬುಟ್ಟಿಗಟ್ಟಲೆ. ಆ ಉದ್ದದ ಚಾದರಗಳನ್ನು ಎರಡೂ ತಂತಿಗಳ ಮೇಲೆ ಅಡ್ಡಡ್ಡ ಹರಡಿಬಿಟ್ಟರೆ ಗಾಳಿ ಕೆಳಗಿನಿಂದಲೂ ಆಡಿ ಗಳಿಗೆಯಲ್ಲಿ ಒಣಗುತ್ತಿದ್ದವು. ಸತ್ತ ತಂತಿ ಮೊದಲು ಅತ್ತೆಗೆ ಹೆದರಿಕೆ ಹುಟ್ಟಿಸಿತ್ತು. ಆಗ ಮಾವ ಅವರನ್ನು ಕೊಳದ ದಡಕ್ಕೆ ಕರೆದುಕೊಂಡು ಹೋಗಿ, ನೀರಿನ ಮೇಲಿನ ತಂತಿಗಳಲ್ಲಿ ಸಾಲಾಗಿ ತೂಗುತ್ತಿದ್ದ ಗೀಜಗನ ಗೂಡುಗಳನ್ನು ತೋರಿಸಿದರಂತೆ.

"ಎರಡೂ ತಂತೀನ ಸೇರಿಸಿ ಹಸಿ ಹುಲ್ಲು ಹೆಣೆದಿವೆ ನೋಡು. ಕರೆಂಟ್ ಇದ್ದಿದ್ರೆ ಕೊಕ್ಕಿಗೆ ಬೆಂಕಿ ಹತ್ತೋದು. ಇವು ಎಲ್ಲೀತನಕ ಇಲ್ಲಿ ಗೂಡು ಕಟ್ಟತ್ವೋ ಅಲ್ಲೀತನಕ ನೀನು ಧೈರ್ಯವಾಗಿ ಬಟ್ಟೆ ಹಾಕು."

ಅತ್ತೆ ಆ ಮಾತನ್ನು ನಂಬಿದರು. ಪ್ರತಿ ಮಳೆಗಾಲದ ಮೊದಲಿಗೆ ಹಳದಿ ಟೊಪ್ಪಿಗೆಯ ಗಂಡುಗಳು ಬಂದು ಚಿಲಿಪಿಲಿಗುಟ್ಟುತ್ತ ಹಸಿರು ಗೂಡು ಶುರುಮಾಡಿದ ದಿನ, "ಬಂದ್ವು ರೀ ನಿಮ್ಮ ಇನ್ಸ್‌ಪೆಕ್ಟರುಗಳು," ಎನ್ನುತ್ತ ನಿಶ್ಚಿಂತೆಯಿಂದ ಮತ್ತೊಂದು ವರ್ಷ ಚಾದರ ಹರವುತ್ತಿದ್ದರು.

ಈಗ ಹೇಳುವುದು ಗೀಜಗ ಬಾರದೆ ಹೋದ ವರ್ಷದ್ದು. ಅದಕ್ಕೆ ಮುಂಚೆ, ಬೇಸಗೆಯ ಕೊನೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಕೊಳದಂಚಿನ ಕಂಬದ ಮೇಲೆ, ಹಿತ್ತಿಲ ಕಡೆಯ ತಂತಿಯನ್ನು ನೀರಿನ ಕಡೆಯ ತಂತಿಗೆ ಜೋಡಿಸುವ ತುಂಡು ತಂತಿಗಳಿದ್ದವು. ಜಂಪರ್ ಎನ್ನುತ್ತಾರೆ. ಅದಿದ್ದರೆ ಲೈನು ಒಂದೇ. ಬಿಚ್ಚಿದರೆ ಎರಡು ಪಾಲು, ಆಚೆಯದು ಈಚೆಗೆ ಬರುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಜಂಪರ್‌ಗಳು ಬಿಚ್ಚಿಕೊಂಡು ಗಾಳಿಗೆ ಟಪಟಪ ಹೊಡೆದುಕೊಳ್ಳುತ್ತಿದ್ದವು.

"ಹೀಗೆ ಬಡೀತಾ ಇದ್ರೆ ಗೂಡು ಉಳಿಯತ್ತಾ?" ಎಂದು ಮಾವ ಏಣಿ ಹೊತ್ತು ಹೊರಟೇಬಿಟ್ಟರು.

"ಈ ವಯಸ್ಸಲ್ಲಿ ಕಂಬ ಹತ್ತೋದು ಬೇರೆ ಕೇಡು," ಎಂದು ಬೈಯುತ್ತಲೇ ಅತ್ತೆ ಏಣಿ ಹಿಡಿದರು. ನಾನು ಹಿತ್ತಿಲ ಬಾಗಿಲಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತು ನಗುತ್ತಿದ್ದೆ. ಮಾವ ಮೊದಲು ಟೆಸ್ಟರ್ ಮುಟ್ಟಿಸಿ ನೋಡಿದರು, ಅಷ್ಟು ವರ್ಷದ ಅಭ್ಯಾಸ. ದೀಪ ಹತ್ತಲಿಲ್ಲ. ಜಂಪರ್‌ಗಳನ್ನು ಎಳೆದು ಎಡಕ್ಕೆ ಸುತ್ತಿ, ತುದಿ ತೂರಿಸಿ, ಬಿಗಿದು ಇಳಿದುಬಂದರು. ಬಿಚ್ಚಿದ ತಂತಿ ಕಂಡರೆ ಕಟ್ಟದೆ ಇರಲು ಅವರಿಂದ ಆಗುತ್ತಿರಲಿಲ್ಲ. ಆ ದಿನ ನನ್ನ ಗಂಡ ಬೇರೆ ಊರಿನ ಲೈನಿಗೆ ಹೋಗಿದ್ದರು. ಇದೇನು ದೊಡ್ಡ ವಿಷಯವೆಂದು ಅವರಿಗೆ ಯಾರೂ ಹೇಳಲಿಲ್ಲ.

ಮಳೆ ತಡವಾಯಿತು. ಗೀಜಗ ಬರುವ ಹೊತ್ತು ಬಂತು, ಗೀಜಗ ಬರಲಿಲ್ಲ. ನೀರಿನ ಮೇಲಿನ ತಂತಿಗಳಲ್ಲಿ ಹೋದ ವರ್ಷದ ಒಣಗೂಡುಗಳು ಕಂದು ಬಣ್ಣಕ್ಕೆ ತಿರುಗಿ, ಯಾರೂ ಇಲ್ಲದ ಮನೆಗಳ ಹಾಗೆ ಬಾಯಿ ತೆರೆದು ತೂಗುತ್ತಿದ್ದವು. ಬಂದ ಕೆಲವು ಗಂಡುಗಳು ಒಂದೆರಡು ದಿನ ಹಾರಾಡಿದ್ದನ್ನು ನಾನೂ ಕಂಡಿದ್ದೆ. ಆಮೇಲೆ ಅವೂ ಇಲ್ಲ. ಹಿತ್ತಿಲು ಒಮ್ಮೆಲೇ ಬಿಕೋ ಎನ್ನತೊಡಗಿತು. ರಾತ್ರಿ ಮಾತ್ರ ಆಚೆ ದಡದ ಕಡೆಯಿಂದ ಗುಂಯ್ ಎಂದು ಒಂದು ಸದ್ದು. ಮಾವನ ಕಿವಿ ಮಂದ, ಅವರಿಗೆ ಕೇಳುತ್ತಿರಲಿಲ್ಲ. ನಾನು ಗಂಡನನ್ನು ಕೇಳಿದೆ.

"ಭಟ್ಟಿ ಲಾರಿ ಕಣೇ. ಮಲಕ್ಕೋ," ಎಂದು ಅವರು ಗೋಡೆಯ ಕಡೆಗೆ ಹೊರಳಿದರು. ಲಾರಿ ಬರುತ್ತದೆ, ಹೋಗುತ್ತದೆ. ಇದು ಹೋಗುತ್ತಲೇ ಇರಲಿಲ್ಲ. ಆದರೂ ನಾನು ಮಲಗಿಕೊಂಡೆ.

ಒಂದು ದಿನ ಮಾವ ಕೊಳದ ದಡದಿಂದ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು ಬಂದರು. ಅರ್ಧ ಕಟ್ಟಿದ ಹಸಿ ಗೂಡು. ತಂತಿಗೆ ಸುತ್ತಿದ್ದ ಕತ್ತಿನ ಭಾಗ ಕರ್ರಗೆ ಸುಟ್ಟಿತ್ತು. ಅದನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟರು.

"ಇವತ್ತಿಂದ ತಂತಿ ಮೇಲೆ ಬಟ್ಟೆ ಹಾಕ್ಬೇಡ," ಎಂದರು.

ಅತ್ತೆ ಗೂಡನ್ನು ಮೂಸಿ ನೋಡಿದರು. "ಯಾವನೋ ಬೀಡಿ ಎಸೆದಿರ್ತಾನೆ. ನಿಮ್ಮ ಟೆಸ್ಟರ್ ಇಟ್ಟು ನೋಡಿ."

ಇಟ್ಟು ನೋಡಿದರು. ಹಿತ್ತಿಲಿನಲ್ಲೂ ನೋಡಿದರು, ಕಂಬದ ಬಳಿಯೂ ನೋಡಿದರು. ದೀಪ ಹತ್ತಲಿಲ್ಲ. ಮಾರನೆಯ ಬೆಳಿಗ್ಗೆಯೂ ಅಷ್ಟೆ, ಅದರ ಮಾರನೆಯ ಬೆಳಿಗ್ಗೆಯೂ ಅಷ್ಟೆ. ರಸ್ತೆಯ ಬದಿಗೆ ಹೋಗಿ ತಾವೇ ಕಡಿದ ಜಾಗವನ್ನು ನೋಡಿ ಬಂದರು. ಕಡಿದದ್ದು ಕಡಿದ ಹಾಗೇ ಇತ್ತು. ಕರೆಂಟ್ ಬರುವುದಕ್ಕೆ ದಾರಿಯೇ ಇಲ್ಲ. ಆದರೂ ಮಾವನ ಮನಸ್ಸು ಒಪ್ಪಲಿಲ್ಲ.

"ಟೆಸ್ಟರ್ ಸತ್ತಿದೆ ಅನ್ನತ್ತೆ, ಹಕ್ಕಿ ಸತ್ತಿಲ್ಲ ಅನ್ನತ್ತೆ. ನಾನು ಯಾರ ಮಾತು ಕೇಳ್ಲಿ?" ಎಂದು ನನ್ನನ್ನೇ ಕೇಳಿದರು.

ಅತ್ತೆಗೆ ಹಿತ್ತಿಲ ತುಂಬ ಹಗ್ಗ ಕಟ್ಟಿಕೊಟ್ಟೆವು. ಒದ್ದೆ ಚಾದರದ ಭಾರಕ್ಕೆ ಹಗ್ಗ ಜೋತು, ಅಂಚು ಮಣ್ಣಿಗೆ ತಾಗಿ, ಒಗೆದದ್ದನ್ನೇ ಮತ್ತೆ ಒಗೆಯಬೇಕಾಯಿತು. ಲಾಡ್ಜಿನ ಮ್ಯಾನೇಜರ್ ಒಮ್ಮೆ ಬಂದು, ಕಲೆಯಿದ್ದ ಚಾದರವನ್ನು ಎತ್ತಿ ತೋರಿಸಿ, ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ನಯವಾಗಿ ಹೇಳಿಹೋದ. ಆ ಸಂಜೆ ಅತ್ತೆ ಮಾವನ ಮೇಲೆ ಹರಿಹಾಯ್ದರು.

"ಸತ್ತಿದೆ ಅಂತ ಹೇಳಿದವರೂ ನೀವೇ, ಬದುಕಿದೆ ಅನ್ನೋರೂ ನೀವೇ. ಒಂದು ಮಾತಿನ ಮೇಲೆ ನಿಲ್ಲಿ. ಹಕ್ಕಿ ಬರ್ಲಿಲ್ಲ ಅಂತ ನಾನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಳ್ಳಲಾ?"

"ಹಕ್ಕಿ ಎಲ್ಲಿ ಹೋದ್ವು ಅಂತ ನೋಡ್ತೀನಿ," ಎಂದರು ಮಾವ. "ಎಲ್ಲೋ ಒಳ್ಳೇ ಮರ ಸಿಕ್ಕಿ ಹೋಗಿದ್ರೆ ಸರಿ. ಅವು ಆಸೆಯಿಂದ ಹೋದ್ವೋ, ಹೆದರಿ ಹೋದ್ವೋ, ಕಟ್ಟಿರೋ ಜಾಗ ನೋಡಿದ್ರೆ ಗೊತ್ತಾಗತ್ತೆ. ಅಲ್ಲೀತನಕ ತಂತಿ ಮುಟ್ಬೇಡ. ನನ್ನಾಣೆ."

"ನಿಮ್ಮ ಆಣೆಗೇನು, ದಿನಕ್ಕೊಂದು," ಎಂದು ಅತ್ತೆ ಬುಟ್ಟಿ ಎತ್ತಿಕೊಂಡು ಒಳಹೋದರು. ಒಪ್ಪಿದರೋ ಇಲ್ಲವೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

ಹೀಗೆ ನಾವು ಗೀಜಗ ಹುಡುಕುತ್ತ ಊರು ಸುತ್ತತೊಡಗಿದೆವು. ಎಲ್ಲಾದರೂ ಬಿದ್ದುಗಿದ್ದಾರು ಎಂದು ಅತ್ತೆ ನನ್ನನ್ನೂ ಜೊತೆಗೆ ಕಳಿಸಿದರು. ಮಗು ಅತ್ತೆಯ ತಂಗಿಯ ಮನೆಯಲ್ಲಿ. ನೀರಿನ ಟ್ಯಾಂಕಿನ ಬಳಿ ತಾಳೆಮರಗಳಿದ್ದವು. ಬೇರೆ ವರ್ಷ ಅಲ್ಲಿ ನಾಲ್ಕಾರು ಗೂಡು ಇರುತ್ತಿದ್ದವು, ಈಗ ಕಾಗೆ ಬಿಟ್ಟರೆ ಏನೂ ಇಲ್ಲ. ಶಾಲೆಯ ಹಿಂದೆ, ಆಸ್ಪತ್ರೆಯ ಕಾಂಪೌಂಡಿನಲ್ಲಿ, ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ನೋಡಿದೆವು. ಮಾವ ಕತ್ತೆತ್ತಿಕೊಂಡು ನಡೆಯುವುದು, ನಾನು ಅವರ ಕಾಲಡಿಯ ಗುಂಡಿ ನೋಡಿಕೊಂಡು ನಡೆಯುವುದು. ಎತ್ತು ಏರಿಗೆ, ಕೋಣ ನೀರಿಗೆ.

ಸೈಕಲ್ ಅಂಗಡಿಯವನು ಚಕ್ರ ತಿರುಗಿಸುತ್ತಲೇ ಕೇಳಿದ: "ಏನಯ್ಯಾ, ಏನ್ ಕಳಕೊಂಡ್ರಿ?"

"ಗೀಜಗ."

"ಪೊಲೀಸ್ ಕಂಪ್ಲೇಂಟ್ ಕೊಡಿ, ಹಿಡ್ಕೊಂಡ್ ಬರ್ತಾರೆ."

ಅಂಗಡಿಯ ಮುಂದೆ ಕೂತವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಮಾವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅಂಗಡಿಯ ಮೇಲಿನ ತಂತಿಯನ್ನು ಒಮ್ಮೆ ನೋಡಿ ಮುಂದೆ ನಡೆದರು.

ದಾರಿಯಲ್ಲಿ ಮಾವ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ತಮ್ಮ ಜೊತೆ ಕೆಲಸಕ್ಕೆ ಸೇರಿದ ಗೆಳೆಯನೊಬ್ಬ ಕಂಬದ ಮೇಲೆಯೇ ಹೋದ ಕತೆ ಹೇಳಿದರು. ಆ ದಿನವೂ ಲೈನು ಸತ್ತಿತ್ತಂತೆ. ಟೆಸ್ಟರ್ ಇಟ್ಟಾಗ ಸತ್ತಿತ್ತು, ಆತ ಕೈ ಇಟ್ಟಾಗ ಬದುಕಿತ್ತು. ಮಧ್ಯೆ ಯಾರೋ ಎಲ್ಲೋ ಒಂದು ಸ್ವಿಚ್ ಹಾಕಿದ್ದರು.

"ತಂತಿ ಸತ್ತಿದೆ ಅನ್ನೋದು ಆ ಗಳಿಗೆಗೆ ಮಾತ್ರ ನಿಜ ಕಣಮ್ಮ," ಎಂದರು. "ಇದನ್ನ ತಿಳಿದೂ ತಿಳಿದೂ ನಿಮ್ಮತ್ತೆಗೆ ವರ್ಷಗಟ್ಟಲೆ ಧೈರ್ಯ ಹೇಳ್ದೆ ನೋಡು."

ಊರೊಳಗೆ ಎಲ್ಲೂ ಸಿಗಲಿಲ್ಲ. ಉಳಿದದ್ದು ಕೊಳದ ಆಚೆ ದಡ. ಆ ಬೆಳಿಗ್ಗೆ ನಾವು ಹೊರಡುವಾಗ ಅತ್ತೆ ಚಾದರ ಹಿಂಡುತ್ತಿದ್ದರು. ಮಾವ ಟೆಸ್ಟರ್ ಮುಟ್ಟಿಸಿ ನೋಡಿದರು, ಹತ್ತಲಿಲ್ಲ. "ಹಗ್ಗಕ್ಕೇ ಹಾಕ್ತೀಯಲ್ಲ?" ಎಂದು ಕೇಳಿದರು. "ಹೂಂ ಹೂಂ, ಹೋಗಿ ಬನ್ನಿ," ಎಂದರು ಅತ್ತೆ. ಸ್ಟೂಲು ತಂತಿಯ ಕೆಳಗೇ ಇತ್ತು. ಅದನ್ನು ನಾನು ನೋಡಿದೆ, ಮಾವ ನೋಡಲಿಲ್ಲ. ಅವರು ಮೇಲೆ ನೋಡುತ್ತಿದ್ದರು. ಅಲ್ಲಿಂದ ಎತ್ತಿ ಒಳಗಿಟ್ಟು ಅತ್ತೆಯ ಬೈಗುಳ ತಿನ್ನುವ ಮನಸ್ಸು ನನಗೂ ಆಗಲಿಲ್ಲ.

ಕೊಳದ ಏರಿ ಸುತ್ತಿಕೊಂಡು ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಇಟ್ಟಿಗೆ ಭಟ್ಟಿಯ ಹೊಗೆ ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ಮಣ್ಣು ತೆಗೆದ ಹಳ್ಳದ ಪಕ್ಕ ಒಂದು ಗಿಡ್ಡ ಮುಳ್ಳಿನ ಮರ. ಅದರ ತುಂಬ ಚಿಲಿಪಿಲಿ.

"ಅಯ್ಯೋ, ಇಲ್ಲಿದೀರೇನ್ರೋ ಕಳ್ಳರಾ," ಎಂದರು ಮಾವ. ಅಷ್ಟು ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು. ಹಳದಿ ಟೊಪ್ಪಿಗೆಗಳು ಹುಲ್ಲಿನ ಎಳೆ ಕಚ್ಚಿಕೊಂಡು ಬಂದು, ತಲೆಕೆಳಗಾಗಿ ಜೋತು, ಹೆಣೆಯುತ್ತಿದ್ದವು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹುಡುಕಾಟ ಮುಗಿಯಿತು, ಇನ್ನು ಮನೆಯಲ್ಲಿ ಜಗಳ ನಿಲ್ಲುತ್ತದೆ ಎಂದುಕೊಂಡೆ.

ಮಾವನ ನಗು ಅಲ್ಲಿಯೇ ನಿಂತಿತು. ಮರದ ಸುತ್ತ ಒಂದು ಸುತ್ತು ಬಂದರು. "ಕೆಳಗೆ ನೀರಿಲ್ಲ. ಕೈಗೆ ಸಿಗೋ ಎತ್ತರ. ಕಣ್ಣಿಗೆ ಹೊಗೆ. ಇಂಥಾ ಜಾಗದಲ್ಲಿ ಯಾವ ಹೆಣ್ಣು ಒಪ್ಪತ್ತೆ? ಇವು ಆಸೆಗೆ ಬಂದಿಲ್ಲ ಕಣಮ್ಮ. ಓಡಿ ಬಂದಿವೆ."

ಆಗಲೇ ನನಗೆ ಆ ಸದ್ದು ಕೇಳಿತು. ರಾತ್ರಿ ಕೇಳುತ್ತಿದ್ದ ಅದೇ ಗುಂಯ್. ಈಗ ಹಗಲಲ್ಲಿ, ಹತ್ತಿರದಲ್ಲಿ.

"ಮಾವ, ಎಲ್ಲೋ ಮೋಟರ್ ಓಡ್ತಾ ಇದೆ."

"ಎಲ್ಲಿ?"

"ಪಂಪ್‌ಹೌಸಲ್ಲಿ."

ಅವರು ತಿರುಗಿದ ರಭಸಕ್ಕೆ ಕನ್ನಡಕ ಜಾರಿತು. ಪಂಪ್‌ಹೌಸಿನಿಂದ ಭಟ್ಟಿಗೆ ದಪ್ಪ ಪೈಪು ಬಂದಿತ್ತು, ಅದರ ಬಾಯಿಂದ ನೀರು ಮಣ್ಣಿನ ಗುಂಡಿಗೆ ಸುರಿಯುತ್ತಿತ್ತು. ಭಟ್ಟಿಯ ಪಕ್ಕದಲ್ಲೇ ಬದುಕಿದ್ದ ಲೈನೊಂದು ಹೋಗಿತ್ತು. ಅದಕ್ಕೆ ಎರಡು ಕೊಕ್ಕೆ ಸಿಕ್ಕಿಸಿ, ಅಲ್ಲಿಂದ ತಂತಿ ಎಳೆದು ನಮ್ಮ ಸತ್ತ ತಂತಿಯ ಕೊನೆಗೆ ಕಟ್ಟಿದ್ದರು. ಕಳ್ಳ ಕರೆಂಟು ಸತ್ತ ತಂತಿಯಲ್ಲಿ ಹರಿದು ಪಂಪ್‌ಹೌಸಿಗೆ ಹೋಗುತ್ತಿತ್ತು. ಪಂಪ್‌ಹೌಸಿನಿಂದ ಮುಂದೆ ನೀರಿನ ಮೇಲೆ, ನೀರು ದಾಟಿದರೆ ಕೊಳದಂಚಿನ ಕಂಬ, ಕಂಬ ದಾಟಿದರೆ ನಮ್ಮ ಹಿತ್ತಿಲು.

ಕಟ್ಟಿದ್ದ ಜಾಗ ತಗ್ಗಿನಲ್ಲಿತ್ತು, ಗಂಟು ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಎಡಕ್ಕೆ ಸುತ್ತಿದ ಗಂಟು. ತುದಿ ಎಲ್ಲೂ ಇಲ್ಲ.

ಮಾವ ಅದನ್ನು ನೋಡಿದರು. ನಾನೂ ನೋಡಿದೆ. ಆ ಗಂಟು ಕಟ್ಟುವ ಇನ್ನೊಬ್ಬ ಮನುಷ್ಯನ ಬುತ್ತಿಯನ್ನು ಬೆಳಿಗ್ಗೆ ನಾನೇ ಕಟ್ಟಿಕೊಟ್ಟಿದ್ದೆ.

"ನಿಮ್ಮತ್ತೆಗೆ ಫೋನ್ ಮಾಡು," ಎಂದು ಮಾವ ಭಟ್ಟಿಯವರ ಒಣ ಬಿದಿರಿನ ಗಳುವನ್ನು ಎಳೆದುಕೊಂಡರು. ಕೂಲಿಯವನೊಬ್ಬ "ಏಯ್ ಮುದ್ಕಪ್ಪ, ಅದನ್ನ ಮುಟ್ಬೇಡ" ಎನ್ನುತ್ತ ಬಂದ. ಮಾವನ ಮುಖ ನೋಡಿ ಅಲ್ಲೇ ನಿಂತ. ನಾನು ಫೋನ್ ಮಾಡಿದೆ. ಅದು ಬಡಿದುಕೊಳ್ಳುತ್ತಲೇ ಇತ್ತು. ಒದ್ದೆ ಕೈಯಲ್ಲಿ ಅತ್ತೆ ಎಂದೂ ಫೋನ್ ಎತ್ತುತ್ತಿರಲಿಲ್ಲ, ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಿರುತ್ತಿದ್ದರು. ಮಾವ ಗಳುವನ್ನು ಎತ್ತಿ ಒಂದು ಕೊಕ್ಕೆಯನ್ನು ಕೆಡವಿದರು. ಇನ್ನೊಂದು ತಪ್ಪಿತು. ಮತ್ತೆ ಎತ್ತಿದರು. ಅದೂ ಬಿತ್ತು. ಮೋಟರಿನ ಸದ್ದು ಅಡಗಿ, ಹಕ್ಕಿಗಳ ಸದ್ದು ಮಾತ್ರ ಉಳಿಯಿತು.

"ಓಡು," ಎಂದರು.

ಓಡಿದೆ. ಏರಿಯ ದಾರಿ ಅಷ್ಟು ಉದ್ದವೆಂದು ಆವತ್ತೇ ಗೊತ್ತಾದದ್ದು. ನೀರಿನ ಆಚೆ ನಮ್ಮ ಹಿತ್ತಿಲು ಕಾಣುತ್ತಿತ್ತು, ತಂತಿಯ ಮೇಲೆ ಬಿಳಿ ಚಾದರಗಳೂ ಕಾಣುತ್ತಿದ್ದವು. ಹಗ್ಗಗಳು ಖಾಲಿ ಇದ್ದವು. ಅತ್ತೆ ಕಾಣುತ್ತಿರಲಿಲ್ಲ.

ಸ್ಟೂಲು ಮಗುಚಿತ್ತು. ಒಂದು ಚಾದರ ಅರ್ಧ ತಂತಿಯ ಮೇಲೆ, ಅರ್ಧ ನೆಲದ ಮೇಲೆ. ಅದರ ಕೆಳಗೆ ಅತ್ತೆ ಬಿದ್ದಿದ್ದರು. ಪಕ್ಕದ ಮನೆಯ ಟೈಲರಮ್ಮ ನನ್ನ ಕೂಗು ಕೇಳಿ ಬಂದರು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಉಸಿರಿತ್ತು. ಬಲಗೈ ನೋಡಲಾಗುತ್ತಿರಲಿಲ್ಲ. ಆಟೋ ಬರುವ ಹೊತ್ತಿಗೆ ಮಾವ ಏರಿಯ ಮೇಲೆ ಇನ್ನೂ ಓಡುತ್ತಲೇ ಇದ್ದರು. ಓಡುವುದೆಂದರೇನು, ಬೀಳುತ್ತ ಏಳುತ್ತ ಬರುತ್ತಿದ್ದರು.

ಅತ್ತೆ ಉಳಿದರು. ಮೊದಲ ಚಾದರ ಹಾಕಿದಾಗ ಏನೂ ಆಗಲಿಲ್ಲವಂತೆ, ಎರಡನೆಯದಕ್ಕೂ ಆಗಲಿಲ್ಲ. ಮುಂದಿನದನ್ನು ಎಳೆದು ಸರಿಮಾಡುವಾಗ ಹಿಡಿದುಕೊಂಡಿತಂತೆ. "ಬಿಡಿಸ್ಕೊಳ್ಳೋಕೇ ಆಗ್ಲಿಲ್ಲ. ಮುಗೀತು ಅಂದ್ಕೊಂಡೆ. ಆಮೇಲೆ ಅದೇ ಬಿಟ್ಟುಬಿಡ್ತು," ಎಂದರು ಎಚ್ಚರವಾದ ಮೇಲೆ. ಅದೇ ಬಿಡಲಿಲ್ಲ, ಆಚೆ ದಡದಲ್ಲಿ ಒಬ್ಬ ಮುದುಕ ಬಿದಿರಿನ ಗಳು ಎತ್ತಿದ್ದ ಎಂದು ನಾನು ಹೇಳಿದೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರೂ ಅಂದರು. ಬೆರಳುಗಳನ್ನು ಮಾತ್ರ ಉಳಿಸಲಾಗಲಿಲ್ಲ.

ನನ್ನ ಗಂಡ ಮರುದಿನ ವಾರ್ಡಿಗೆ ಬಂದರು. ಹಿಂದಿನ ದಿನವೆಲ್ಲ ಎಲ್ಲಿದ್ದರೋ. ಗಡ್ಡ ಬಿಟ್ಟ ಮುಖ, ಕೆಂಪು ಕಣ್ಣು. ಅಮ್ಮನ ಮಂಚದ ಕಾಲಬುಡದಲ್ಲಿ ಕುಸಿದು ಕೂತರು. ನಾನು ಅವರನ್ನು ಮಾತಾಡಿಸಲಿಲ್ಲ. ಬಾಯಿ ತೆರೆದರೆ ಏನು ಹೊರಬರುತ್ತದೋ ಎಂದು ನನಗೇ ಹೆದರಿಕೆಯಾಗಿತ್ತು. ಮಾವ ಗೋಡೆಗೊರಗಿ, ಸೂರು ನೋಡುತ್ತ ಕುಳಿತಿದ್ದರು.

"ಪರ್ಮನೆಂಟ್ ಮಾಡಿಸ್ತೀನಿ ಅಂದಿದ್ದ ಭಟ್ಟಿಯವನು," ಎಂದರು ನನ್ನ ಗಂಡ. "ಸಾಹೇಬ ಅವನ ಸ್ನೇಹಿತ. ಎಷ್ಟು ವರ್ಷ ಕಾಂಟ್ರಾಕ್ಟಲ್ಲೇ ಸಾಯಲಿ? ರಾತ್ರಿ ಮಾತ್ರ ಕೊಕ್ಕೆ ಹಾಕ್ತೀವಿ, ಬೆಳಗಾದ್ರೆ ತೆಗೀತೀವಿ ಅಂದಿದ್ರು. ಮಳೆ ಇಲ್ಲ, ಮಣ್ಣು ಒಣಗ್ತಿದೆ ಅಂತ ನಿನ್ನೆ ಹಗಲೂ ಹಾಕಿದಾರೆ. ನಂಗೆ ಗೊತ್ತಿರ್ಲಿಲ್ಲ."

ಪಕ್ಕದ ಮಂಚದಲ್ಲಿ ಯಾರೋ ಕೆಮ್ಮಿದರು.

"ಹಗಲೂ ಹಾಕಿದ್ರೂ ಮನೆ ತನಕ ಬರ್ಬಾರ್ದಿತ್ತು ಅಪ್ಪ. ಅಮ್ಮ ಬಟ್ಟೆ ಹಾಕ್ತಾಳೆ ಅಂತ ನಂಗೆ ಗೊತ್ತಿಲ್ವಾ? ನಾನು ಅಷ್ಟು ಪಾಪಿನಾ? ಕೊಕ್ಕೆ ಕಟ್ಟೋ ಮುಂಚೇನೇ ನಮ್ಮ ಕಂಬ ಹತ್ತಿ ಜಂಪರ್ ಬಿಚ್ಚಿಟ್ಟಿದ್ದೆ. ಎರಡೂ ಬಿಚ್ಚಿಟ್ಟಿದ್ದೆ. ಈ ಕೈಯಾರೆ."

ಏಣಿ, ಟಪಟಪ ಹೊಡೆದುಕೊಳ್ಳುತ್ತಿದ್ದ ತಂತಿ, ಸೊಂಟದ ಮೇಲೆ ಮಗು, ನನ್ನ ನಗು, ಎಲ್ಲ ನನ್ನ ಕಣ್ಣ ಮುಂದೆ ಬಂತು. ಮಾವನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ಬೆಳಿಗ್ಗೆ ಹೋಗಿ ನೋಡ್ದೆ. ಮತ್ತೆ ಕಟ್ಟಿದೆ," ಎಂದರು ನನ್ನ ಗಂಡ. ಅವರ ದನಿ ಮಕ್ಕಳ ದನಿಯಂತೆ ಒಡೆಯಿತು. "ಗಾಳಿಗೆ ಬಿಚ್ಚಿಕೊಳ್ಳತ್ತೆ ಅಪ್ಪ. ಗಾಳಿಗೆ ಕಟ್ಟಿಕೊಳ್ಳಲ್ಲ. ಯಾರು ಕಟ್ಟಿದ್ದು?"

ಆ ಎಡಸುತ್ತಿನ ಗಂಟು ನೋಡಿ ಬಂದಿದ್ದವರು ಅವರು. ಯಾರ ಕೈಯದೆಂದು ತಿಳಿಯದೆ ಕೇಳಿದರೋ, ಬೇರೆ ಯಾರಾದರೂ ಆಗಿರಲಿ ಎಂದು ಕೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾವನ ತುಟಿ ಅಲ್ಲಾಡಿತು. ಗಂಟಲಿನಿಂದ ಏನೋ ಹೊರಡುವುದರಲ್ಲಿತ್ತು.

ಅಷ್ಟರಲ್ಲಿ ಅತ್ತೆ, ಆ ದಿನ ಏಣಿ ಹಿಡಿದು ನಿಂತಿದ್ದ ನಮ್ಮತ್ತೆ, ಬಟ್ಟೆ ಸುತ್ತಿದ ಕೈಯನ್ನು 'ಬೇಡ' ಎನ್ನುವಂತೆ ತುಸುವೇ ಎತ್ತಿದರು.

"ಹಕ್ಕಿ ಕಟ್ಟಿರ್ಬೇಕು ಬಿಡು," ಎಂದರು. "ಅವಕ್ಕೆ ಇನ್ನೇನು ಕೆಲಸ."

ನನ್ನ ಗಂಡ ಮುಖ ಮುಚ್ಚಿಕೊಂಡರು. ಮಾವ ಸೂರಿನಿಂದ ಕಣ್ಣು ಇಳಿಸಿ, ಅತ್ತೆಯ ಮುಖವನ್ನೇ ನೋಡುತ್ತ ಕುಳಿತರು. ನರ್ಸ್ ಬಂದು ಹೊರಗೆ ಹೋಗಿ ಎನ್ನುವ ತನಕ ಹಾಗೇ ಕುಳಿತಿದ್ದರು.